ಹಲ್ಲು ಕಿತ್ತ ಗುಳಿಗೇ ಇಂಪ್ಲಾಂಟ್: 'ಇವತ್ತೇ' ಅನ್ನೋದರ ಅಸಲು ಲೆಕ್ಕ

ದವಡೆ ಹಲ್ಲು ಕೀಳಿಸಿದ ದಿನವೇ ಅದೇ ಜಾಗಕ್ಕೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲು ಕೂರಿಸೋಕೆ ಮೂಳೆಯೊಳಗೆ ಇಳಿಸುವ ಟೈಟಾನಿಯಂ ಸ್ಕ್ರೂ, ಹಾಕಿಸಿಕೊಂಡೆ ಅಂದರೆ ಜನ ಕೇಳೋದು ಎರಡೇ ಪ್ರಶ್ನೆ. ನೋವಾಯ್ತಾ? ಎಷ್ಟಾಯ್ತು? ಎರಡಕ್ಕೂ ಉತ್ತರ ಕೆಳಗಿದೆ. ಆದರೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ, ಅದನ್ನು ಡಾಕ್ಟರ್ ಹತ್ತಿರ ಕೇಳಬೇಕು. ಹಲ್ಲು ಕಿತ್ತ ಮೇಲೆ ಒಳಗಿನ ಮೂಳೆ ಸರಿಯಿಲ್ಲ ಅಂತ ಗೊತ್ತಾದರೆ ಆಗ ಏನು ಮಾಡ್ತೀರಿ? ಇದಕ್ಕೆ ನೇರ ಉತ್ತರ ಸಿಕ್ಕ ಮೇಲೆ ಕುರ್ಚಿ ಹತ್ತೋದು ಒಳ್ಳೆಯದು.

ನನ್ನದು ಕೆಳ ದವಡೆಯ ಎಡಗಡೆ ಮೊದಲ ದೊಡ್ಡ ಹಲ್ಲು. ದಂತವೈದ್ಯರ ಲೆಕ್ಕದಲ್ಲಿ 36ನೇ ನಂಬರು, ಅವರ ಬಾಯಲ್ಲಿ 'ತ್ರೀ ಸಿಕ್ಸ್'. ಆರನೇ ವಯಸ್ಸಿನ ಹೊತ್ತಿಗೆ ಬರುವ ಹಲ್ಲು ಇದು. ಮೊದಲು ಬಂದಿದ್ದಕ್ಕೋ ಏನೋ, ಹಾಳಾಗೋದರಲ್ಲೂ ಮುಂದು. ನನ್ನ ಹಲ್ಲಿಗೆ ಎಷ್ಟೋ ವರ್ಷಗಳ ಹಿಂದೆ ರೂಟ್ ಕೆನಾಲ್ ಆಗಿತ್ತು, ಮೇಲೆ ಕ್ಯಾಪ್ ಕೂಡ ಇತ್ತು. ಕೋಡುಬಳೆ ಕಡಿಯುವಾಗ ಒಂದು ದಿನ ಒಳಗೆ 'ಟಕ್' ಅಂತು. ನೋವಿಲ್ಲ. ಆದರೆ ಆಮೇಲಿಂದ ಆ ಕಡೆ ಅಗಿದರೆ ಹಲ್ಲು ಬಿಟ್ಟುಕೊಳ್ಳುತ್ತಿದೆ ಅನ್ನಿಸುತ್ತಿತ್ತು. ಕ್ಯಾಪ್ ಬಿಚ್ಚಿ ನೋಡಿದಾಗ ಹಲ್ಲು ನಡುವೆ ಸೀಳಿತ್ತು. ಸೀಳು ಬೇರು ಕವಲೊಡೆಯುವ ಜಾಗದವರೆಗೂ ಇಳಿದಿತ್ತು. ಅಂಥ ಹಲ್ಲನ್ನು ಉಳಿಸೋಕಾಗಲ್ಲ.

ಕಿತ್ತ ಮೇಲೆ ಏನು? ಬ್ರಿಡ್ಜ್ ಹಾಕಿಸಬಹುದು. ಆದರೆ ಅದನ್ನು ಹಿಡಿದು ನಿಲ್ಲಿಸೋಕೆ ಅಕ್ಕಪಕ್ಕದ ಎರಡು ಒಳ್ಳೆ ಹಲ್ಲುಗಳನ್ನು ತೇಯಬೇಕು. ತೆಗೆದು ಹಾಕುವ ಹಲ್ಲು ನನಗೆ ಒಗ್ಗಲ್ಲ. ಹಾಗೇ ಬಿಟ್ಟರೆ ಮೇಲಿನ ಹಲ್ಲು ನಿಧಾನಕ್ಕೆ ಕೆಳಗೆ ಇಳಿಯುತ್ತೆ, ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತೆ. ಹಾಗಾಗಿ ಇಂಪ್ಲಾಂಟ್ ಅಂತ ಬೇಗನೇ ತೀರ್ಮಾನ ಆಯ್ತು. ಯಾವಾಗ ಹಾಕಿಸೋದು ಅನ್ನೋದರಲ್ಲೇ ಗೊಂದಲ.

ಮೊದಲು ಹೋದ ಕಡೆ ಸ್ವಾಗತದ ಟೇಬಲ್ ಮೇಲೇ 'ಒಂದೇ ದಿನದಲ್ಲಿ ಹಲ್ಲು' ಅಂತ ಬೋರ್ಡು. ಎಕ್ಸ್‌ರೇ ಒಂದನ್ನು ನೋಡಿ, 'ಶನಿವಾರ ಬನ್ನಿ ಸಾರ್, ಕಿತ್ತು ಹಾಕಿ ಕಳಿಸಿಬಿಡ್ತೀವಿ' ಅಂದರು. ಕಿತ್ತ ಮೇಲೆ ಮೂಳೆ ಸಾಲದೇ ಹೋದರೆ ಅಂತ ಕೇಳಿದೆ. 'ಹಾಗೆಲ್ಲ ಆಗಲ್ಲ ಸಾರ್' ಅಂದರು. ಆಗಲ್ಲ ಅಂತ ಹೇಗೆ ಗೊತ್ತು? ಸ್ಕ್ಯಾನ್ ಕೂಡ ಮಾಡಿಸಿರಲಿಲ್ಲ. ಎದ್ದು ಬಂದೆ.

ಮೈಸೂರಿನಲ್ಲೇ ಇನ್ನೊಬ್ಬರು ಡಾಕ್ಟರ್ ಸಿಕ್ಕರು. ನನಗಿಂತ ತುಂಬಾ ಚಿಕ್ಕವರು, ಮಾತು ಕಡಿಮೆ. ಅವರು ಮೊದಲು ಕೇಳಿದ್ದು ಹಲ್ಲಿನ ಬಗ್ಗೆ ಅಲ್ಲ. ಶುಗರ್ ಇದೆಯಾ? ಸಿಗರೇಟು, ಗುಟ್ಕಾ? ರಕ್ತ ತೆಳುವಾಗೋ ಮಾತ್ರೆ? ಮೂಳೆ ಗಟ್ಟಿಯಾಗೋಕೆ ಅಂತ ವರ್ಷಕ್ಕೊಂದು ಇಂಜೆಕ್ಷನ್ ಏನಾದ್ರೂ ತಗೊಂಡಿದ್ದೀರಾ? ಈ ಕೊನೇ ಪ್ರಶ್ನೆಯನ್ನು ನಮ್ಮ ಮನೆಯ ಹಿರಿಯರೆಲ್ಲ ನೆನಪಿಟ್ಟುಕೊಳ್ಳಬೇಕು. ಮೂಳೆ ಸವೆತಕ್ಕೆ ಕೊಡುವ ಜೋಲೆಡ್ರೋನಿಕ್ ಆಸಿಡ್ ಥರದ ಔಷಧಿ ತಗೊಂಡವರಲ್ಲಿ, ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುವ ಅಪಾಯ ಇದೆ. ನನಗೆ ಇದ್ದದ್ದು ಶುಗರ್ ಮಾತ್ರ. ಹಾಗಾಗಿ ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಟ್ಟರು. ಬೆಳಗಿನ ಶುಗರ್ ಒಂದೇ ಸಾಲದು, ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಬೇಕು ಅಂದರು. 6.8 ಬಂತು. 7ರ ಒಳಗಿದೆ, ಪರವಾಗಿಲ್ಲ ಅಂದರು.

ಆಮೇಲೆ ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯ ಮೂರು ಆಯಾಮದ ಎಕ್ಸ್‌ರೇ. ನಿಂತುಕೊಂಡು ಒಂದು ಕಡ್ಡಿ ಕಚ್ಚಿದರೆ ಯಂತ್ರ ತಲೆ ಸುತ್ತ ತಿರುಗುತ್ತೆ, ಅಷ್ಟೇ. ಅದರ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಪದರ ಪದರವಾಗಿ ಸರಿಸುತ್ತಾ ಡಾಕ್ಟರ್ ತೋರಿಸಿದ್ದು ನನಗೆ ಇಡೀ ಚಿಕಿತ್ಸೆಯಲ್ಲೇ ತುಂಬಾ ಉಪಯೋಗಕ್ಕೆ ಬಂದ ಭಾಗ.

ಬಾಯಿ ಮುಂಭಾಗದ ಹಲ್ಲಿಗೆ ಒಂದೇ ಬೇರು. ಅದನ್ನು ಕಿತ್ತರೆ ಒಂದೇ ಗುಳಿ, ಸ್ಕ್ರೂ ಅದರ ಜೊತೆಗೇ ಇಳಿಯುತ್ತೆ. ಕೆಳ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೇಲಿನದಕ್ಕೆ ಮೂರು. ನನಗೆ ಬೇಕಾದ ಸ್ಕ್ರೂ 5 ಮಿಲಿಮೀಟರ್ ದಪ್ಪ. ಕಿತ್ತ ಗುಳಿಯ ಬಾಯಿ ಅದಕ್ಕಿಂತ ಎಷ್ಟೋ ಅಗಲ. ಹಾಗಾದರೆ ಸ್ಕ್ರೂ ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? ಬೇರಿನ ಗುಳಿಯೊಳಗೆ ಓರೆಯಾಗಿ ಇಳಿಸಿದರೆ ಮೇಲಿನ ಕ್ಯಾಪ್ ವಾಲುತ್ತೆ. ಇನ್ನೂ ಆಳಕ್ಕೆ ಹೋಗೋಣ ಅಂದರೆ ಕೆಳಗೆ ನರ ಇದೆ. ಪರದೆ ಮೇಲೆ ಆ ನರದ ಕಾಲುವೆ ಬಿಳಿ ಅಂಚಿನ ಕಪ್ಪು ವೃತ್ತವಾಗಿ ಕಾಣುತ್ತಿತ್ತು. ಕೆಳ ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡೋದು ಅದೇ ನರ. ಅದರಿಂದ ಕನಿಷ್ಠ 2 ಮಿಲಿಮೀಟರ್ ದೂರ ಇರಬೇಕು. ನನ್ನ ಬೇರಿನ ತುದಿಯಿಂದ ನರಕ್ಕೆ ಹೆಚ್ಚು ಜಾಗ ಇರಲಿಲ್ಲ.

ಉಳಿದಿದ್ದು ಎರಡು ಬೇರುಗಳ ನಡುವಿನ ಮೂಳೆ. ಎರಡು ಗದ್ದೆ ನಡುವಿನ ಬದು ಇದ್ದ ಹಾಗೆ ಅದು. ಡಾಕ್ಟರ್‌ಗಳು ಸೆಪ್ಟಮ್ ಅನ್ನುತ್ತಾರೆ. ಆ ಬದು ಗಟ್ಟಿಯಾಗಿ ಉಳಿದಿದ್ದರೆ ಅದರ ನಡುವೆಯೇ ಸ್ಕ್ರೂ ನೇರ ನಿಲ್ಲುತ್ತೆ. ಹಲ್ಲು ಕೀಳುವಾಗ ಅದು ಮುರಿದುಹೋದರೆ, ಇಲ್ಲವೇ ಕೆನ್ನೆ ಕಡೆಯ ತೆಳು ಗೋಡೆ ಒಡೆದರೆ, ಅವತ್ತಿಗೆ ಇಂಪ್ಲಾಂಟ್ ಇಲ್ಲ.

'ಅಂದ್ರೆ ಡಾಕ್ಟ್ರೇ, ಇವತ್ತೇ ಆಗುತ್ತೆ ಅಂತ ನೀವು ಈಗ ಹೇಳೋಕಾಗಲ್ಲ?'

'ಆಗಲ್ಲ ಸರ್. ಗೋಡೆ ಉಳಿದಿದ್ರೆ, ಸ್ಕ್ರೂ ಗಟ್ಟಿಯಾಗಿ ಕಚ್ಚಿಕೊಂಡ್ರೆ ಅವತ್ತೇ. ಇಲ್ಲಾಂದ್ರೆ ಗುಳಿಗೆ ಮೂಳೆ ಪುಡಿ ತುಂಬಿ ಮುಚ್ಚಿಬಿಡ್ತೀನಿ. ಮೂರು ನಾಲ್ಕು ತಿಂಗಳಾದ್ಮೇಲೆ ಹಾಕೋಣ. ಎರಡನ್ನೂ ಬರೆದಿದ್ದೀನಿ, ಓದಿ ಸಹಿ ಹಾಕಿ.'

ಸಹಿ ಹಾಕಿದೆ. ಮೊದಲ ಕಡೆ ಸಿಕ್ಕಿದ್ದು ಭರವಸೆ. ಇಲ್ಲಿ ಸಿಕ್ಕಿದ್ದು ಷರತ್ತು. ನನಗೆ ಷರತ್ತೇ ಧೈರ್ಯ ಕೊಟ್ಟಿತು.

ಕಿತ್ತ ತಕ್ಷಣ ಹಾಕಿದರೆ ಮೂಳೆ ಕರಗಲ್ಲ ಅಂತ ಎಲ್ಲೋ ಓದಿದ್ದೆ, ಅದನ್ನೂ ಕೇಳಿದೆ. ಅದು ಪೂರ್ತಿ ನಿಜ ಅಲ್ಲವಂತೆ. ಹಲ್ಲು ಹೋದ ಮೇಲೆ ಆ ಜಾಗದ ಮೂಳೆ ಅಗಲದಲ್ಲಿ ಕುಗ್ಗುತ್ತಾ ಹೋಗುತ್ತೆ, ಜಾಸ್ತಿ ಕುಗ್ಗೋದು ಮೊದಲ ಮೂರು ತಿಂಗಳಲ್ಲಿ. ಸ್ಕ್ರೂ ಹಾಕಿದ ಮಾತ್ರಕ್ಕೆ ಅದು ನಿಲ್ಲಲ್ಲ. ಸುತ್ತಲ ಸಂದಿಗೆ ಮೂಳೆ ಪುಡಿ ತುಂಬಿದರೆ ಕುಗ್ಗೋದು ಕಡಿಮೆಯಾಗುತ್ತೆ. ತಕ್ಷಣ ಹಾಕಿಸೋದರ ಲಾಭ ಅಂದರೆ ಒಂದು ಆಪರೇಷನ್ ಉಳಿಯುತ್ತೆ, ಒಂದಷ್ಟು ತಿಂಗಳು ಉಳಿಯುತ್ತೆ.

ಈ ಪುಡಿ ವಿಷಯ ಮನೆಗೆ ಬಂದ ಮೇಲೆ ದೊಡ್ಡದಾಯ್ತು. ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ, 'ರೀ, ಅದು ಯಾವ ಮೂಳೆ ಅಂತ ಕೇಳಿದ್ರಾ?' ಅಂದಳು. ಕೇಳಿರಲಿಲ್ಲ. ಪಕ್ಕದಲ್ಲಿ ಅಮ್ಮ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತರು. ಮಾರನೇ ದಿನ ಫೋನ್ ಮಾಡಿದರೆ ಡಾಕ್ಟರ್ ನಗಲಿಲ್ಲ. ಅವರಿಗೆ ಈ ಪ್ರಶ್ನೆ ಹೊಸದಲ್ಲ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರೋ ಪುಡಿಗಳಲ್ಲಿ ಒಂದು ದನದ ಮೂಳೆಯಿಂದ ಮಾಡಿದ್ದು. ಅದರಲ್ಲಿರುವ ಮಾಂಸಾಂಶ, ಕೊಬ್ಬು ಎಲ್ಲ ತೆಗೆದು ಬರೀ ಖನಿಜ ಉಳಿಸಿರುತ್ತಾರೆ. ದಾನಿಗಳ ಮೂಳೆಯಿಂದ ಮಾಡಿದ್ದೂ ಇದೆ. ಪ್ರಾಣಿ, ಮನುಷ್ಯ ಎರಡೂ ಅಲ್ಲದ, ಲ್ಯಾಬ್‌ನಲ್ಲಿ ತಯಾರಾದ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಯೂ ಇದೆ. 'ನಿಮ್ಮ ಗುಳಿ ಗೋಡೆ ಸರಿಯಿದ್ರೆ ಸಿಂಥೆಟಿಕ್ ಸಾಕು ಸರ್. ಮನೇಲಿ ಮಾತಾಡಿ ಹೇಳಿ' ಅಂದರು. ನಾವು ಸಿಂಥೆಟಿಕ್ ಅಂದೆವು. ಅಮ್ಮನ ಊಟ ಸರಾಗವಾಯ್ತು. ಇದನ್ನು ಡಾಕ್ಟರ್‌ಗಳು ತಾವಾಗಿಯೇ ಮೊದಲೇ ಹೇಳಬೇಕು, ರೋಗಿ ಕೇಳಲಿ ಅಂತ ಕಾಯಬಾರದು ಅಂತ ನನಗೆ ಈಗಲೂ ಅನ್ನಿಸುತ್ತೆ.

ಯುಗಾದಿ ಮುಗಿಸಿಕೊಂಡು ಹೋದೆ. ಒಂದು ಗಂಟೆ ಮುಂಚೆ ಆ್ಯಂಟಿಬಯೋಟಿಕ್ ನುಂಗಿದ್ದೆ. ಬಿಪಿ ನೋಡಿದರು, ಕ್ಲೋರ್‌ಹೆಕ್ಸಿಡೀನ್ ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸಿದೆ. ದವಡೆಯ ಹಿಂಭಾಗಕ್ಕೆ ಇಂಜೆಕ್ಷನ್. ಸ್ವಲ್ಪ ಹೊತ್ತಿಗೆ ಅರ್ಧ ನಾಲಿಗೆ, ಅರ್ಧ ತುಟಿ ಮರಗಟ್ಟಿದವು. ತೋಳಿನಿಂದ ರಕ್ತವನ್ನೂ ತೆಗೆದುಕೊಂಡರು. ಅದನ್ನು ಸಣ್ಣ ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದರೆ ಕೆಂಪು ಕೆಳಗಿಳಿದು, ಮೇಲೆ ಹಳದಿ ಜೆಲ್ಲಿ ಕಟ್ಟುತ್ತೆ. ಪಿಆರ್‌ಎಫ್ ಅಂತ ಹೆಸರು. ಗಾಯ ಬೇಗ ಮಾಯಲಿ ಅಂತ ಅದನ್ನು ಪುಡಿಗೆ ಬೆರೆಸುತ್ತಾರೆ, ಮೇಲೂ ಹಾಸುತ್ತಾರೆ. ನನ್ನದೇ ರಕ್ತ ಅಲ್ವಾ, ಅಮ್ಮನಿಗೂ ತಕರಾರಿಲ್ಲ.

ಹಲ್ಲು ಕೀಳೋದು ಅಂದರೆ ಇಕ್ಕಳ ಹಾಕಿ ಜಗ್ಗೋದು ಅಂದುಕೊಂಡಿದ್ದೆ. ಇಲ್ಲಿ ಇಕ್ಕಳ ಕಾಣಿಸಿದ್ದೇ ಕೊನೆಗೆ. ಮೊದಲು ಹಲ್ಲಿನ ಮೇಲ್ಭಾಗವನ್ನು ಒಸಡಿನ ಮಟ್ಟಕ್ಕೆ ಕತ್ತರಿಸಿ ತೆಗೆದರು. ಬೇರುಗಳು ಇನ್ನೂ ಒಳಗೇ ಇವೆ. ಆಗಲೇ ಎರಡು ಬೇರಿನ ಮಧ್ಯಕ್ಕೆ ಇಂಪ್ಲಾಂಟಿನ ಮೊದಲ ಡ್ರಿಲ್ ಇಳಿಸಿದರು. ನನಗೆ ಇದು ವಿಚಿತ್ರ ಅನ್ನಿಸಿತು. ಆಮೇಲೆ ಕೇಳಿದಾಗ ಕಾರಣ ಗೊತ್ತಾಯ್ತು. ಬೇರು ಕಿತ್ತ ಮೇಲೆ ಆ ಸಣ್ಣ ಬದುವಿನ ನೆತ್ತಿ ಮೇಲೆ ಡ್ರಿಲ್ ಇಟ್ಟರೆ ಅದು ಜಾರಿ ಪಕ್ಕದ ಗುಳಿಗೆ ಬೀಳುತ್ತೆ. ಬೇರುಗಳಿದ್ದರೆ ಡ್ರಿಲ್ ಅತ್ತಿತ್ತ ಹೋಗದ ಹಾಗೆ ಎರಡೂ ಕಡೆ ತಡೆದು ನಿಲ್ಲಿಸುತ್ತವೆ. ಡ್ರಿಲ್ ತಿರುಗುವಾಗ ಉದ್ದಕ್ಕೂ ತಣ್ಣನೆ ಸಲೈನ್ ನೀರು. ಮೂಳೆ 47 ಡಿಗ್ರಿಯಷ್ಟು ಕಾದು ಒಂದು ನಿಮಿಷ ಹಾಗೇ ಇದ್ದರೆ ಜೀವ ಕಳೆದುಕೊಳ್ಳುತ್ತೆ. ಸತ್ತ ಮೂಳೆಗೆ ಸ್ಕ್ರೂ ಅಂಟಲ್ಲ.

ಆಮೇಲೆ ಬೇರುಗಳನ್ನು ಬೇರೆ ಬೇರೆ ಮಾಡಿ, ತೆಳುವಾದ ಉಳಿಯಂಥ ಸಾಧನ ಸಂದಿಗೆ ತೂರಿಸಿ ನಿಧಾನಕ್ಕೆ ಸಡಿಲ ಮಾಡಿದರು. ಮುಂದಿನ ಬೇರು ಸುಮ್ನೆ ಬಂತು. ಹಿಂದಿನದು ಹಟ ಹಿಡಿಯಿತು. ಜೋರಾಗಿ ಒಂದು ಸಲ ಮೀಟಿದ್ದರೆ ಬರುತ್ತಿತ್ತೇನೋ, ಆದರೆ ಬದುವೂ ಅದರ ಜೊತೆ ಹೋಗುತ್ತಿತ್ತು. ನೋವಿಲ್ಲ, ಆದರೆ ಒತ್ತಡ ಮಾತ್ರ ಕಿವಿಯವರೆಗೂ ಗೊತ್ತಾಗುತ್ತೆ. ತೆರೆದ ಬಾಯಿ ತೆರೆದಂತೇ ಇದ್ದು ದವಡೆ ಕೀಲು ಸೋತು ಹೋಗಿತ್ತು. ಬೇರು ಬಂದ ಮೇಲೆ ಗುಳಿಯೊಳಗೆಲ್ಲ ಕೆರೆದು ಶುಚಿ ಮಾಡಿದರು. ಸಣ್ಣ ಕಡ್ಡಿಯಲ್ಲಿ ಸುತ್ತಲೂ ಮುಟ್ಟಿ ನೋಡಿದರು. ಎಲ್ಲರೂ ಸುಮ್ಮನಾದರು.

'ಗೋಡೆ ಇದೆ. ಸೆಪ್ಟಮ್ ಚೆನ್ನಾಗಿದೆ. ಫೈವ್ ಬೈ ಟೆನ್ ಕೊಡಿ' ಅಂದರು ಸಹಾಯಕಿಗೆ. ಅಂದರೆ 5 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಸ್ಕ್ರೂ. ಇವತ್ತೇ ಅನ್ನೋದು ತೀರ್ಮಾನವಾಗಿದ್ದು ಆ ಕ್ಷಣದಲ್ಲಿ, ಹಲ್ಲು ಟ್ರೇಗೆ ಬಿದ್ದ ಮೇಲೆ.

ಸ್ಕ್ರೂ ಬರೋದು ಮುದ್ರೆ ಒಡೆಯದ ಸಣ್ಣ ಸೀಸೆಯಲ್ಲಿ. ಒಡೆಯುವ ಮುಂಚೆ ಲೇಬಲ್ ನನ್ನ ಕಣ್ಣ ಮುಂದೆ ಹಿಡಿದು ತೋರಿಸಿದರು. ಮಿರಮಿರ ಹೊಳೆಯುತ್ತೆ ಅಂದುಕೊಂಡಿದ್ದರೆ ಮಂಕು ಬೂದು ಬಣ್ಣ. ಮೂಳೆ ಕೋಶಗಳು ಹಿಡಿದುಕೊಳ್ಳಲಿ ಅಂತ ಮೈಯನ್ನು ಬೇಕಂತಲೇ ತರಿ ಮಾಡಿರುತ್ತಾರೆ. ಯಂತ್ರದಲ್ಲಿ ನಿಧಾನಕ್ಕೆ ತಿರುಗಿಸಿ, ಕೊನೆಯ ಸುತ್ತುಗಳನ್ನು ಕೈಯಲ್ಲಿ ಹಿಡಿಯುವ ರ‍್ಯಾಚೆಟ್ ಸ್ಪ್ಯಾನರ್‌ನಲ್ಲಿ ಬಿಗಿದರು. ಟಿಕ್, ಟಿಕ್ ಸದ್ದು ತಲೆಯೊಳಗೇ ಕೇಳುತ್ತೆ. 'ಥರ್ಟಿಫೈವ್' ಅಂದರು. 35 ನ್ಯೂಟನ್ ಸೆಂಟಿಮೀಟರ್ ಬಿಗಿ. ಅಷ್ಟು ಸಿಕ್ಕರೆ ಒಳ್ಳೇ ಹಿಡಿತ. ಸ್ಕ್ರೂ ಸುಮ್ಮನೆ ತಿರುಗುತ್ತಲೇ ಇದ್ದಿದ್ದರೆ ತೆಗೆದುಬಿಡುತ್ತಿದ್ದರು.

ಸುತ್ತಲ ಸಂದಿಗೆ ಜೆಲ್ಲಿಯಲ್ಲಿ ಕಲಸಿದ ಪುಡಿ ತುಂಬಿದರು. ದವಡೆ ಹಲ್ಲಿನ ಗುಳಿ ಅಗಲ ಆಗಿರೋದರಿಂದ ಒಸಡನ್ನು ಎಳೆದು ಹೊಲಿದು ಮುಚ್ಚೋದು ಕಷ್ಟ. ಅದಕ್ಕೇ ಗುಳಿಯ ಬಾಯಿಯ ಅಳತೆಗೆ ಅಲ್ಲೇ ಒಂದು ಮುಚ್ಚಳ ಮಾಡಿ ಸ್ಕ್ರೂ ಮೇಲೆ ಕೂರಿಸಿದರು, ಹೀಲಿಂಗ್ ಅಬಟ್‌ಮೆಂಟ್ ಅಂತ. ಅಡ್ಡಡ್ಡ ಒಂದೆರಡು ಹೊಲಿಗೆ. ಮುಚ್ಚಳ ಒಸಡಿನ ಮಟ್ಟಕ್ಕೇ ಇರುತ್ತೆ, ಎದುರು ಹಲ್ಲಿಗೆ ತಾಗಲ್ಲ. ಅಂದರೆ ಅವತ್ತು ಬಾಯೊಳಗೆ ಬಂದಿದ್ದು ಸ್ಕ್ರೂ, ಹಲ್ಲಲ್ಲ. 'ಒಂದೇ ದಿನದಲ್ಲಿ ಹಲ್ಲು' ಅನ್ನೋ ಆ ಬೋರ್ಡಿನ ಮಾತು ನಂಬಬೇಡಿ. ಅಗಿಯುವ ಭಾರ ಬೀಳೋದೇ ದವಡೆ ಹಲ್ಲಿನ ಮೇಲೆ, ಒಂಟಿ ದವಡೆ ಹಲ್ಲಿಗೆ ಅವತ್ತೇ ಕ್ಯಾಪ್ ಕೂರಿಸಿ ಆ ಭಾರ ಹೊರಿಸೋಕೆ ಎಚ್ಚರದ ಡಾಕ್ಟರ್‌ಗಳು ಹಿಂದೆ ಮುಂದೆ ನೋಡುತ್ತಾರೆ.

ಮನೆಗೆ ಬಂದು ಐಸ್ ಇಟ್ಟುಕೊಂಡು ಕೂತೆ. ಸಂಜೆ ಡಾಕ್ಟರ್ ಫೋನ್. ನೋವಿನ ಬಗ್ಗೆ ಕೇಳಲಿಲ್ಲ. 'ತುಟಿಗೆ ಸ್ಪರ್ಶ ಬಂತಾ ಸರ್?' ಅಂದರು. ಬಂದಿತ್ತು. ಮಾರನೇ ದಿನವೂ ತುಟಿ ಮರಗಟ್ಟಿಯೇ ಇದ್ದಿದ್ದರೆ ಸ್ಕ್ರೂ ನರವನ್ನು ಒತ್ತುತ್ತಿರಬಹುದು, ತಡ ಮಾಡದೆ ಹೋಗಬೇಕಿತ್ತಂತೆ. ಕೆಳ ದವಡೆಗೆ ಹಾಕಿಸಿಕೊಳ್ಳುವವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ನೋವು? ಹಲ್ಲು ಕೀಳಿಸಿದಾಗ ಆಗುವಷ್ಟೇ. ಮಾತ್ರೆಗೆ ಬಗ್ಗಿತು. ಎರಡು ಮೂರನೇ ದಿನಕ್ಕೆ ಕೆನ್ನೆ ಊದಿತ್ತು, ಆಮೇಲೆ ಇಳಿಯಿತು. ಉಗುಳಬಾರದು, ಸ್ಟ್ರಾ ಹಾಕಿ ಕುಡಿಯಬಾರದು. ಮೊಸರನ್ನ, ಆರಿದ ರಾಗಿ ಗಂಜಿ, ಮೆತ್ತಗಿನ ಇಡ್ಲಿ. ಮೌತ್‌ವಾಶ್‌ನಿಂದ ಕಾಫಿ ರುಚಿ ಕೆಟ್ಟು ಹೋಗಿದ್ದೇ ನನಗೆ ಊತಕ್ಕಿಂತ ದೊಡ್ಡ ಶಿಕ್ಷೆ. ಒಂದೆರಡು ಸಲ ನಾಲಿಗೆಗೆ ಸಣ್ಣ ಬಿಳಿ ಹರಳು ಸಿಕ್ಕಿತು. ಗಾಬರಿಯಾಗಿ ಕೇಳಿದರೆ, ತುಂಬಿದ ಪುಡಿಯಲ್ಲಿ ಮೇಲಿನ ನಾಲ್ಕು ಕಾಳು ಬರೋದು ಮಾಮೂಲು ಅಂದರು.

ನಿಜವಾದ ಪರೀಕ್ಷೆ ಆಮೇಲೆ. ಹೊಲಿಗೆ ಬಿಚ್ಚಿ ಸ್ವಲ್ಪ ದಿನಕ್ಕೆ ಎಲ್ಲ ಮಾಯ್ದಿದೆ ಅನ್ನಿಸುತ್ತೆ. ಆದರೆ ಸ್ಕ್ರೂ ತೀರಾ ನಾಜೂಕಾಗಿರೋದು ಆಗಲೇ. ಮೊದಲ ದಿನ ಅದನ್ನು ಹಿಡಿದಿರೋದು ಹಳೇ ಮೂಳೆಯ ಬಿಗಿ. ಆ ಮೂಳೆ ಸ್ವಲ್ಪ ಕರಗಿ, ಹೊಸ ಮೂಳೆ ಬಂದು ಹಿಡಿಯಬೇಕು. ಮೂರು ನಾಲ್ಕನೇ ವಾರದ ಆಸುಪಾಸು ಹಳೇ ಹಿಡಿತ ಸಡಿಲ, ಹೊಸದು ಇನ್ನೂ ಎಳಸು. 'ನೋವಿಲ್ಲ ಅಂತ ಆ ಕಡೆ ಚಕ್ಕುಲಿ ಅಗೀಬೇಡಿ' ಅಂತ ಡಾಕ್ಟರ್ ಬೈದಂತೆ ಹೇಳಿದ್ದು ಇದಕ್ಕೇ.

ಹೊಸ ಮೂಳೆ ಟೈಟಾನಿಯಂ ಲೋಹವನ್ನು ಯಾಕೆ ಹಿಡಿದುಕೊಳ್ಳುತ್ತೆ? ಇದು ಗೊತ್ತಾಗಿದ್ದೇ ಆಕಸ್ಮಿಕ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತದ ಓಡಾಟ ನೋಡೋಕೆ ಟೈಟಾನಿಯಂ ಸಾಧನ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯೋಕೆ ಹೋದರೆ ಬರಲೇ ಇಲ್ಲ. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ತಾ ಲಾರ್ಸನ್ ಎಂಬವರ ದವಡೆಗೆ ಮೊದಲ ಸಲ ಹಾಕಿದರು. ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಆ ಇಂಪ್ಲಾಂಟುಗಳು ಕೆಲಸ ಮಾಡಿದವು. ಬ್ರೋನೆಮಾರ್ಕ್ ಪದ್ಧತಿಯಲ್ಲಿ ಆತುರಕ್ಕೆ ಜಾಗ ಇರಲಿಲ್ಲ. ಗುಳಿ ಮಾಯಬೇಕು, ಸ್ಕ್ರೂ ಹಾಕಬೇಕು, ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಕಿತ್ತ ಗುಳಿಗೇ ಹಾಕುವ ಪ್ರಯತ್ನವನ್ನು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ವಿಲ್ಹೆಲ್ಮ್ ಶುಲ್ಟೆ 1970ರ ದಶಕದಲ್ಲೇ ಮಾಡಿದ್ದರು, ಅವರದ್ದು ಸೆರಾಮಿಕ್. ದವಡೆ ಹಲ್ಲಿನ ಮಟ್ಟಿಗೆ ಈ ಧೈರ್ಯ ತಡವಾಗಿ ಬಂತು.

ಮೂಳೆ ಕೂಡಿಕೊಂಡಿದೆಯಾ ಅಂತ ನೋಡೋಕೆ ಒಂದು ಪುಟ್ಟ ಯಂತ್ರ ಇದೆ. ಸ್ಕ್ರೂಗೆ ಅಯಸ್ಕಾಂತದ ಸಣ್ಣ ಮೊಳೆ ಸಿಕ್ಕಿಸಿ, ಯಂತ್ರವನ್ನು ಮುಟ್ಟಿಸದೆ ಹತ್ತಿರ ಹಿಡಿದರೆ 1ರಿಂದ 100ರೊಳಗೆ ಒಂದು ಅಂಕಿ ತೋರಿಸುತ್ತೆ. 70 ದಾಟಿದರೆ ಭದ್ರ. ಆಷಾಢದ ಹೊತ್ತಿಗೆ ನನ್ನದು 76. ಅಮ್ಮ, 'ಆಷಾಢದಲ್ಲಿ ಹೊಸದು ಯಾಕೋ, ಶ್ರಾವಣಕ್ಕೆ ಹಾಕಿಸ್ಕೋ' ಅಂದರು. ಹಳೇ ಹಲ್ಲಿನ ಜಾಗ ತಾನೇ ಅಮ್ಮ ಅಂದೆ. ಬಿಟ್ಟರು.

ಕ್ಯಾಪ್ ಕೂರಿಸೋದು ಸಲೀಸು. ಕ್ಯಾಮೆರಾ ಕಡ್ಡಿಯಲ್ಲಿ ಬಾಯಿ ಸ್ಕ್ಯಾನ್ ಮಾಡಿ ಲ್ಯಾಬಿಗೆ ಕಳಿಸಿದರು, ಜಿರ್ಕೋನಿಯಾ ಅನ್ನೋ ಗಟ್ಟಿ ಸೆರಾಮಿಕ್‌ನ ಹಲ್ಲು ಬಂತು. ಅದರ ನೆತ್ತಿಯಲ್ಲಿ ತೂತು. ತೂತಿನೊಳಗಿಂದ ಸ್ಕ್ರೂ ಬಿಗಿದು, ಮೇಲೆ ಬಿಳಿ ಟೆಫ್ಲಾನ್ ಟೇಪ್ ತುರುಕಿದರು. ಪ್ಲಂಬರ್ ನಲ್ಲಿಗೆ ಸುತ್ತುತ್ತಾನಲ್ಲ, ಅದೇ ಜಾತಿಯ ಟೇಪ್! ಅದರ ಮೇಲೆ ಹಲ್ಲಿನ ಬಣ್ಣದ ಸಿಮೆಂಟ್. ಮುಂದೆ ಸಡಿಲವಾದರೆ ಬಿಚ್ಚಿ ಮತ್ತೆ ಬಿಗಿಯಬಹುದು, ಅಂಟು ಹಾಕಿ ಕೂರಿಸಿದರೆ ಆ ಅನುಕೂಲ ಇಲ್ಲ. ಬಣ್ಣದ ಕಾಗದ ಕಚ್ಚಿಸಿ ಕಚ್ಚಿಸಿ ಹೊಸ ಹಲ್ಲಿನ ಮೇಲೆ ಗುರುತು ಸ್ವಲ್ಪ ತಿಳಿಯಾಗಿ ಬೀಳುವವರೆಗೂ ಉಜ್ಜಿದರು. ಸ್ವಂತ ಹಲ್ಲು ಒತ್ತಿದರೆ ಕೂದಲೆಳೆಯಷ್ಟು ಒಳಗೆ ಹೋಗುತ್ತೆ. ಇದು ಹಾಗೆ ಒಳಗೆ ಹೋಗಲ್ಲ, ಹಾಗಾಗಿ ಭಾರ ಕಡಿಮೆ ಬೀಳಬೇಕು.

ಸ್ಕ್ರೂ, ಪುಡಿ, ಕ್ಯಾಪ್ ಎಲ್ಲ ಸೇರಿ ₹45,000 ಆಸುಪಾಸು ಆಯ್ತು. ಸ್ಕ್ಯಾನ್ ಬೇರೆ. ಆರೋಗ್ಯ ವಿಮೆಯವರು ಸಾಮಾನ್ಯವಾಗಿ ಅಪಘಾತದಲ್ಲಿ ಹಲ್ಲು ಹೋಗಿದ್ದರೆ ಮಾತ್ರ ಕೊಡೋದು, ಕೋಡುಬಳೆ ಅಪಘಾತದ ಲೆಕ್ಕಕ್ಕೆ ಬರಲ್ಲ. ಕೈ ಬಿಗಿ ಇದ್ದವರು ದಂತ ಕಾಲೇಜುಗಳಲ್ಲಿ ವಿಚಾರಿಸಿ. ಮೈಸೂರು, ದಾವಣಗೆರೆ, ಧಾರವಾಡ, ಬೆಂಗಳೂರು ಎಲ್ಲ ಕಡೆ ಇವೆ. ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಎದುರಲ್ಲೇ ಮಾಡುತ್ತಾರೆ. ಹೊತ್ತು ಜಾಸ್ತಿ, ದುಡ್ಡು ಕಡಿಮೆ.

ಈಗ ಆ ಕಡೆಯೇ ಅಗಿಯುತ್ತೇನೆ. ಸಂದಿಯಲ್ಲಿ ತೊಗರಿಬೇಳೆ ಸಿಪ್ಪೆ, ಸೊಪ್ಪಿನ ನಾರು ಮೊದಲಿಗಿಂತ ಜಾಸ್ತಿ ಸಿಕ್ಕಿಕೊಳ್ಳುತ್ತೆ. ಸಣ್ಣ ಸಂದಿ ಬ್ರಷ್ ಹಾಕಿ ರಾತ್ರಿ ತೆಗೆಯಲೇಬೇಕು, ಇಲ್ಲದಿದ್ದರೆ ಇಂಪ್ಲಾಂಟಿನ ಸುತ್ತಲೂ ಒಸಡು ಊದಿ ಮೂಳೆ ಕರಗುತ್ತೆ. ಅದಕ್ಕೆ ನೋವಿನ ಮುನ್ಸೂಚನೆಯೂ ಅಷ್ಟಾಗಿ ಇರಲ್ಲ.

ಇನ್ನೊಂದು ವಿಷಯ. ಆ ಸೀಸೆ ಮೇಲಿನ ಲೇಬಲ್‌ನಲ್ಲಿ ಕಂಪನಿ ಹೆಸರು, ಅಳತೆ, ಬ್ಯಾಚ್ ನಂಬರ್ ಇರುತ್ತೆ. ಅದನ್ನು ಕಾರ್ಡಿಗೆ ಅಂಟಿಸಿ ಕೊಡಿ ಅಂತ ಕೇಳಿ ಪಡೆಯಿರಿ. ಒಂದೊಂದು ಕಂಪನಿಯ ಸ್ಕ್ರೂಗೆ ಒಂದೊಂದು ಸ್ಕ್ರೂಡ್ರೈವರ್. ಹತ್ತು ವರ್ಷ ಬಿಟ್ಟು ಬೇರೆ ಊರಲ್ಲಿ ಕ್ಯಾಪ್ ಸಡಿಲವಾದರೆ ಆ ಡಾಕ್ಟರ್‌ಗೆ ಮೊದಲು ಬೇಕಾಗೋದು ಆ ಲೇಬಲ್. ನನ್ನ ಕಾರ್ಡಿನ ಫೋಟೋ ಮಗಳ ಫೋನಿಗೂ ಕಳಿಸಿದ್ದೇನೆ.